ಬಣ್ಣ ಹಾಕದ ಕರುಳು

ಲೋಕವೆಲ್ಲ ಸೊಳ್ಳೆ ಹೊಡೆಯುತ್ತಿದ್ದಾಗ ಆಕೆ ಸೊಳ್ಳೆ ಸಾಕುತ್ತಿದ್ದಳು. ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರೂ ಆಕೆಯನ್ನು ಸೊಳ್ಳೆಯಮ್ಮ ಎನ್ನುತ್ತಿದ್ದರು. ಮನೆಯಲ್ಲಿ ತಾಯಿಯ ನಾಲಿಗೆ ಇನ್ನೂ ಹರಿತ.

"ಎಲ್ಲಾರೂ ಮಕ್ಕಳನ್ನ ಸಾಕ್ತಾರೆ. ನೀನು ನೋಡಿದ್ರೆ ನಿನ್ನಮ್ಮನ್ನ ಕಚ್ಚಿದ್ದನ್ನೇ ತಂದು ಸಾಕ್ತೀಯ!"

ಮಾತು ಸುಳ್ಳಲ್ಲ. ಮಗಳ ಬಾಲ್ಯದುದ್ದಕ್ಕೂ ಮಲೇರಿಯಾ ತಾಯಿಯನ್ನು ಮತ್ತೆ ಮತ್ತೆ ಹಿಡಿದು ನಡುಗಿಸಿತ್ತು. ಕಂಬಳಿಗಳ ಮೇಲೆ ಮಗಳೇ ಹತ್ತಿ ಮಲಗಿದರೂ ಮಂಚ ಗಡಗಡನೆ ಅಲುಗುತ್ತಿತ್ತು. ಕಣ್ಣಿಗೆ ಕಾಣದ ರೋಗಾಣುವೊಂದು ಇಬ್ಬರನ್ನು ಹೊತ್ತ ಮಂಚವನ್ನು ಅಲ್ಲಾಡಿಸುವುದೆಂದರೆ! ಆ ಬೆರಗೇ ಆಕೆಯನ್ನು ಪ್ರಯೋಗಾಲಯಕ್ಕೆ ತಂದಿತು.

ಬೆಚ್ಚಗಿನ, ಬೆವರುವ ಕೋಣೆ. ಬಲೆ ಹೊದಿಸಿದ ಪಂಜರಗಳು. ಸೊಳ್ಳೆಗಳಿಗೆ ರೋಗಾಣುವಿರುವ ರಕ್ತ ಕುಡಿಸಿ, ಕೆಲವು ದಿನ ಬಿಟ್ಟು, ಎರಡು ಸೂಜಿಗಳಿಂದ ಅವುಗಳ ಕರುಳನ್ನು ಉಪ್ಪುನೀರಿನ ಹನಿಗೆ ಎಳೆಯಬೇಕು. ಅದಕ್ಕೆ ಕೆಂಪು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಳೆದ ರೋಗಾಣುಗಳು ಗುಳ್ಳೆಗಳಂತೆ ಕಾಣುತ್ತವೆ.

ಮರಿ, ಮರಿಮರಿಗಳೆಂದು ಹಲವು ತಲೆಮಾರು ಆಕೆ ಬೆಳೆಸಿಕೊಂಡು ಬಂದ ಒಂದು ಪಂಜರದ ಸೊಳ್ಳೆಗಳಲ್ಲಿ ಮಾತ್ರ ಗುಳ್ಳೆಗಳಿರಲಿಲ್ಲ. ಬರೀ ಕಪ್ಪು ಕಾಳು. ಕಪ್ಪು ಕಾಳೆಂದರೆ ಹಳಸಿದ ಬಣ್ಣದ ಗಸಿ ಎಂದು ಅಲ್ಲಿ ಹಿರಿಯರು ಕಿರಿಯರಿಗೆ ಕಲಿಸಿದ್ದರು. ಬೇರೆ ಸೊಳ್ಳೆಗಳಲ್ಲೂ ಆಗೊಮ್ಮೆ ಈಗೊಮ್ಮೆ ಅದು ಕಂಡರೆ ಗಾಜು ಒರೆಸಿ, ಬಣ್ಣ ಸೋಸಿಕೊಳ್ಳುವುದು. ಎಲ್ಲರೂ ವರ್ಷಗಟ್ಟಲೆ ಸೋಸಿದ್ದೇ ಸೋಸಿದ್ದು.

"ರೋಗ ಹತ್ತದ ಸೊಳ್ಳೆ ಇಟ್ಕೊಂಡು ಏನಮ್ಮ ಮಾಡ್ತೀಯ?" ಎಂದರು ಮುಖ್ಯಸ್ಥರು. "ಜಾಗ ಬೇಕು. ಸಂಜೆಯೊಳಗೆ ಆ ಪಂಜರ ಫ್ರೀಜರ್‌ಗೆ ಹಾಕ್ಬಿಡು."

"ಹತ್ತದೇ ಇರೋದು ಸೊಳ್ಳೆ ತಪ್ಪಾ ಸಾರ್?"

"ಮತ್ತೆ ನನ್ನ ತಪ್ಪಾ? ಕುಣಿಲಾರದವಳು ನೆಲ ಡೊಂಕು ಅಂದಳಂತೆ!"

ಫ್ರೀಜರ್ ಎಂದರೆ ಆ ವಂಶವೇ ಮುಗಿದಂತೆ. ಇನ್ನೊಮ್ಮೆ ಬೇಕೆಂದರೆ ಎಲ್ಲಿಂದ ತರುವುದು? ಆಕೆ ಪಂಜರವನ್ನು ಫ್ರೀಜರ್ ಬಾಗಿಲಿನವರೆಗೆ ಒಯ್ದಳು. ಅಲ್ಲಿ ಇಟ್ಟು, ಒಂದೇ ಒಂದು ಸೊಳ್ಳೆಯನ್ನು ತೆಗೆದುಕೊಂಡು ಮೇಜಿಗೆ ಮರಳಿದಳು. ತಪ್ಪು ಬಣ್ಣದ್ದಾದರೆ ಬಣ್ಣವೇ ಬೇಡ ಎಂದುಕೊಂಡು ಬರೀ ಉಪ್ಪುನೀರಿನಲ್ಲಿ ಕರುಳನ್ನು ಎಳೆದು ನೋಡಿದಳು.

ಗಾಜಿನಂಥ ಕರುಳು. ಅದರ ಮೇಲೆ ಅದೇ ಕಪ್ಪು ಕಾಳುಗಳು.

ಆಕೆ ಇನ್ನೂ ದೊಡ್ಡದು ಮಾಡಿ ನೋಡಿದಳು. ಒಂದೊಂದು ಕಾಳೂ ಒಂದೊಂದು ರೋಗಾಣು, ಕಪ್ಪು ಚಿಪ್ಪಿನೊಳಗೆ ಸತ್ತು ಬಿದ್ದಿತ್ತು. ಊದಿದರೆ ಹಾರಿಹೋಗುವ ಈ ಪ್ರಾಣಿ ತನ್ನ ಹೊಟ್ಟೆಗೆ ನುಗ್ಗಿದ ವೈರಿಯನ್ನು ಗುರುತಿಸಿ, ಸುತ್ತ ಗೋಡೆ ಕಟ್ಟಿ, ಸಮಾಧಿ ಮಾಡಿತ್ತು. ತಾಯಿಯ ಮಂಚವನ್ನು ಅಲ್ಲಾಡಿಸಿದ ವೈರಿಯೇ ಅದು.

ಕರೆದಾಗ ಮುಖ್ಯಸ್ಥರು ಗೊಣಗುತ್ತಲೇ ಬಂದು ಬಗ್ಗಿದರು.

"ಯಾವ ಬಾಟ್ಲಿ ಬಣ್ಣ ಇದು?"

"ಬಣ್ಣ ಹಾಕೇ ಇಲ್ಲ ಸಾರ್."

ಅವರು ಕನ್ನಡಕ ಒರೆಸಿ ಮತ್ತೆ ನೋಡಿದರು.

"ಇಷ್ಟು ವರ್ಷ ನಾವು ಇದನ್ನ ಒರೆಸಿ ಎಸೀತಿದ್ವಲ್ಲಮ್ಮ... ಪಂಜರ ಎಲ್ಲಿ?"

"ಫ್ರೀಜರ್ ಹತ್ರ."

"ಒಳಗಾ, ಹೊರಗಾ?"

ಉತ್ತರಕ್ಕೂ ಕಾಯದೆ, ಎಂದೂ ಓಡದ ಮನುಷ್ಯ ಓಡಿದರು. ಹೊರಗೇ ಇದ್ದ ಪಂಜರವನ್ನು ಕೂಸಿನಂತೆ ಎದೆಗವಚಿಕೊಂಡು ಬಂದರು.

ಆ ಶಕ್ತಿ ಸೊಳ್ಳೆಯಲ್ಲಿ ಎಲ್ಲಿಂದ ಬಂತು, ಮರಿಗಳಿಗೆ ಹೇಗೆ ಇಳಿಯುತ್ತದೆ ಎಂದು ಹುಡುಕುವುದರಲ್ಲೇ ಆಕೆಯ ವೃತ್ತಿಜೀವನ ಸವೆಯಿತು. ಅದರಿಂದ ಮಲೇರಿಯಾ ತೊಲಗಿತೆಂದರೆ ಸುಳ್ಳಾಗುತ್ತದೆ. ಸೊಳ್ಳೆಪರದೆಯೂ ಗುಳಿಗೆಯೂ ಇಂದಿಗೂ ಬೇಕು. ಆದರೆ ಆ ಪಂಜರದ ವಂಶ ಇಂದಿಗೂ ಉಳಿದಿದೆ.

ಒಮ್ಮೆ ತಾಯಿಯನ್ನು ಕರೆತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಬಾಯಿಬಡುಕಿ ತಾಯಿ ಒಂದು ಕಣ್ಣು ಮುಚ್ಚಿಕೊಂಡು ಆ ಕಪ್ಪು ಕಾಳುಗಳನ್ನು ಒಂದೊಂದಾಗಿ ನೋಡಿದಳು.

"ಇಷ್ಟೇ ಇಷ್ಟು ಪ್ರಾಣಿ," ಎಂದಳು ಕೊನೆಗೆ. "ನನ್ನ ಮೈಗೆ ಆಗದ್ದು ಇದಕ್ಕೆ ಆಯ್ತಾ?"

ಮನೆಗೆ ಮರಳಿದ ಮೇಲೆ ತಾಯಿಯ ತೋಳಿನ ಮೇಲೊಂದು ಸೊಳ್ಳೆ ಕೂತಿತು. ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಇದು ನಿನ್ನ ಪಂಜರದ್ದೇನೇ?"

"ಅಲ್ಲಮ್ಮ."

ಪಟ್ ಎಂದು ಏಟು ಬಿತ್ತು.