ವಿಭೂತಿ ಬಳಿದ ಬಾಯ್ಲರ್

ನಿಜಾಮನ ಆಳ್ವಿಕೆಯಲ್ಲಿ ನಮ್ಮ ಸಿಂಧನೂರು ಕರೆಂಟು ಕಂಡದ್ದು ಸಾಹುಕಾರನ ಹತ್ತಿ ಗಿರಣಿಯಲ್ಲಿ. ಕಲ್ಲಿದ್ದಲು ಉರಿಸಿ ಬಾಯ್ಲರಿನಲ್ಲಿ ಉಗಿ ಎಬ್ಬಿಸಿದರೆ ಎಂಜಿನ್ ಓಡುತ್ತಿತ್ತು, ಅದು ಡೈನಮೋ ತಿರುಗಿಸುತ್ತಿತ್ತು. ಗಿರಣಿಗೆ ನಾಲ್ಕು ದೀಪ, ಉಳಿದದ್ದೆಲ್ಲ ಪಕ್ಕದಲ್ಲಿದ್ದ ಅವನ ಮನೆಗೆ. ಅಷ್ಟಕ್ಕೇ ಆ ಮನುಷ್ಯ ಸೂರ್ಯನನ್ನು ತಾನೇ ಹುಟ್ಟಿಸಿದವನಂತೆ ಮೆರೆಯುತ್ತಿದ್ದ.

ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದವರು ನಮ್ಮ ಮನೆಯವರು, ನನ್ನ ಗಂಡ. ರಾಯಚೂರಿನಿಂದ ಬಂಡಿಯಲ್ಲಿ ಬಂದ ಇದ್ದಲನ್ನು ಬುಟ್ಟಿಯಲ್ಲಿ ಹೊತ್ತು ಅವರ ಮುಂದೆ ಸುರಿಯುವುದು ನನ್ನ ಕೆಲಸ. ಬಾಯ್ಲರಿನ ಎದುರಿಗೆ ಒಂದು ಗಾಜಿನ ಕೊಳವೆ, ಒಳಗೆ ನೀರೆಷ್ಟಿದೆ ಎಂದು ಅದರಲ್ಲಿ ಕಾಣುತ್ತಿತ್ತು. ನೀರು ತೀರಾ ಇಳಿದರೆ ಒಳಗಿನ ಸೀಸದ ಬಿರಡೆ ಕರಗಿ, ಉಗಿಯೂ ಕೆಂಡವೂ ಒಲೆಯ ಬಾಗಿಲಲ್ಲಿ ನಿಂತವನ ಮೈಮೇಲೆ ಬರುತ್ತವೆ. ಇದು ಗಿರಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ಖಂಡೇಪೂಜೆಗೆ, ಎಂದರೆ ಆಯುಧಪೂಜೆಗೆ, ಸಾಹುಕಾರ ಮಠದ ಅಯ್ಯನವರನ್ನು ಕರೆಸಿದ. ಕುಡುಗೋಲಿಗೆ ಮಾಡಿದಂತೆ ಬಾಯ್ಲರಿಗೂ ಪೂಜೆ. ಅಯ್ಯನವರು ಮೂರು ಬೆರಳು ಅದ್ದಿ, ಎದುರಿಗೆ ಕಂಡ ಆ ಗಾಜಿನ ಮೇಲೆಯೇ ದಪ್ಪಗೆ ವಿಭೂತಿ ಎಳೆದರು. ಪೂಜೆಯ ವಿಭೂತಿ ತಾನಾಗಿ ಉದುರಬೇಕಂತೆ, ಒರೆಸಿದರೆ ಅಪಚಾರವಂತೆ.

ಮರುದಿನ ಬನ್ನಿ ಹಬ್ಬ, ಸಾಹುಕಾರನ ಮನೆಗೆ ತಹಶೀಲ್ದಾರರು ಬರುವವರಿದ್ದರು. ಬೆಂಕಿ ಹೊತ್ತಿಸುವ ಮೊದಲು ನಾನು ಸೆರಗಿನಿಂದ ಗಾಜು ಒರೆಸಲು ಹೋದೆ. ನಮ್ಮ ಮನೆಯವರು ಕೈ ತಳ್ಳಿದರು.

"ಅಯ್ಯನೋರು ಹಚ್ಯಾರ. ನಮಗೇನಾಗ್ತದ? ಸುಮ್ನಿರು."

ಸಾಹುಕಾರನಿಗೆ ದುಡ್ಡಿನ ಸೊಕ್ಕು, ಸರಿ. ಇವರಿಗೆ ಏನಿತ್ತು? ಮಸಿ ಹತ್ತಿದ ಒಂದು ಮೀಸೆ, ಅಷ್ಟೆ. ಇಂದಿಗೂ ನೆನೆದರೆ ನನ್ನ ಮೈ ಉರಿಯುತ್ತದೆ.

ಸಂಜೆ ದೀಪ ಹತ್ತಿದವು. ತಹಶೀಲ್ದಾರರು ಶಹಬ್ಬಾಸ್ ಎಂದರಂತೆ. ಇಲ್ಲಿ ಗಿರಣಿಯಲ್ಲಿ ಗಾಜು ಕಾಣದೆ, ಬಾಯ್ಲರಿಗೆ ನೀರು ಬಿಡುವುದು ಬರೀ ಅಂದಾಜಿನ ಮೇಲೆ ನಡೆದಿತ್ತು. ಇದ್ದಲು ಎಸೆಯಲು ಇವರು ಒಲೆಯ ಬಾಗಿಲು ತೆರೆದಾಗ ಬಿರಡೆ ಕರಗಿತು. ಉಗಿ ಕೆಂಡಗಳನ್ನು ಹೊರಗೆ ತೂರಿತು. ಮುಖಕ್ಕೆ ಅಡ್ಡ ಹಿಡಿದ ಎರಡೂ ಕೈ ಮೊಣಕೈವರೆಗೆ ಬೆಂದವು. ಸಾಹುಕಾರನ ಆಳು ಓಡಿ ಬಂದು ಕೇಳಿದ್ದು, ದೀಪ ಮತ್ತೆ ಯಾವಾಗ ಹತ್ತುತ್ತವೆ ಎಂದು.

ಎರಡು ದಿನ ಬಿಟ್ಟು ಸಾಹುಕಾರ ನಮ್ಮ ಮನೆ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ. ತಹಶೀಲ್ದಾರರ ಮುಂದೆ ಮರ್ಯಾದೆ ಹೋಯಿತೆಂದು ಗೊಣಗಿದ.

"ಮೈಲಿಗಿಲೆ ಮುಟ್ಟಿರಬೇಕಲೇ ನೀ. ಇಲ್ಲಂದ್ರ ಪೂಜಿ ಆದ ಬಾಯ್ಲರ್ ಹೆಂಗ ಕೆಡ್ತದ?"

ಚಾಪೆಯ ಮೇಲಿದ್ದ ನಮ್ಮ ಮನೆಯವರು ಎದ್ದು ಕೂತರು. "ತಪ್ಪಾತ್ರೀ ಸಾವ್ಕಾರ್ರ," ಎಂದು ಬಟ್ಟೆ ಸುತ್ತಿದ ಕೈಗಳನ್ನು ಮುಗಿಯಲು ಹೋದರು. ಬೆರಳು ನೆಟ್ಟಗಾಗಲಿಲ್ಲ, ಕೈ ಕೂಡಲಿಲ್ಲ. ಮತ್ತೆ ಎತ್ತಿದರು.

"ಕೈ ಇಳಸ್ರಿ," ಎಂದೆ ನಾನು.

ಅವರು ಇಳಿಸಲಿಲ್ಲ.