ಎರಡನೆಯ ಪರದೆ ಯಾರಿಗೆ

ಬಾಸ್ಕೆಟ್‌ಬಾಲ್ ನೋಡುವ ಆ್ಯಪ್ ಹಾಕಿಕೊಂಡ ಮೇಲೂ ನಾಲ್ಕು ದಿನ ಯಾವ ಪ್ಲಾನನ್ನೂ ಒತ್ತದೆ ಕೂತಿದ್ದೆ. ಅಮೆರಿಕದವರು ರಾತ್ರಿ ಆಡುವ ಆಟ ನಮ್ಮ ಕೊಪ್ಪಕ್ಕೆ ಬೆಳಗಿನ ಕಾಫಿಯ ಹೊತ್ತಿಗೆ ಬರುತ್ತದೆ. ಒಂದೇ ತಂಡದ ಆಟಗಳು ಸಾಕೇ, ಎಲ್ಲ ತಂಡಗಳದ್ದೂ ಬೇಕೇ ಎಂದು ಆ್ಯಪ್ ಕೇಳುತ್ತಿತ್ತು. ಮೊಬೈಲಿನಲ್ಲಷ್ಟೇ ನೋಡುತ್ತೀರಾ, ಟಿವಿಯಲ್ಲೂ ನೋಡುತ್ತೀರಾ ಎಂದು ಕೇಳುತ್ತಿತ್ತು. ಆಮೇಲೆ ನೋಡುವವರಿಗಾಗಿ ಸ್ಕೋರ್ ಮುಚ್ಚಿಡುವ ಒಂದು ಬಟನ್ನೂ ಇತ್ತು. ಅದನ್ನು ಕಂಡು ನಗು ಬಂತು. ಅಮೆರಿಕದ ಸ್ಕೋರನ್ನು ಮೊದಲೇ ಹೇಳಿ ನನ್ನ ಬೆಳಗು ಕೆಡಿಸುವವರು ನಮ್ಮ ಬೀದಿಯಲ್ಲಿ ಯಾರಿದ್ದಾರೆ? ಒಬ್ಬರಾದರೂ ಇರಬಾರದಿತ್ತೇ ಎಂದೂ ಅನ್ನಿಸಿತು.

ಕೊನೆಗೆ ಎಲ್ಲ ತಂಡಗಳ ಪ್ಲಾನನ್ನೇ ಒತ್ತಿದೆ. ಅದರಲ್ಲೂ ಏಕಕಾಲಕ್ಕೆ ಎರಡು ಪರದೆಗಳಲ್ಲಿ ನೋಡಬಹುದಾದದ್ದು.

"ಇರೋದೊಂದು ಟಿವಿ, ನೋಡೋಳು ನೀನೊಬ್ಳು. ಎರಡು ಪರದೆ ಎಂತಕ್ಕೆ?" ಎಂದರು ನಮ್ಮ ಮನೆಯವರು.

"ಇರ್ಲಿ" ಎಂದೆ. ಮದುವೆಯಾದಾಗಿನಿಂದ ನನ್ನ ಈ 'ಇರ್ಲಿ'ಯನ್ನು ದಾಟಿ ಅವರು ಏನನ್ನೂ ಕೇಳಿದ್ದಿಲ್ಲ.

ಎರಡನೆಯ ಪರದೆ ನರಸಿಂಹರಾಜಪುರದಲ್ಲಿ ಬಟ್ಟೆ ಹೊಲಿಯುವ ನನ್ನ ಗೆಳತಿಗೆ. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ತಂಡದಲ್ಲಿ ಆಡಿದವರು. ಕ್ಯಾಪ್ಟನ್ ಎಂದು ಹೆಸರು ನನಗಿತ್ತು, ನಿಜವಾಗಿ ಆಟ ಬರುತ್ತಿದ್ದದ್ದು ಅವಳಿಗೆ. ಒಂದು ಸಲ ಶೃಂಗೇರಿಯಲ್ಲಿ ಕಾಲೇಜುಗಳ ಪಂದ್ಯಾವಳಿ. ಫೈನಲ್ ಮಧ್ಯಾಹ್ನ ಮೂರಕ್ಕೆ. ದೇವಸ್ಥಾನದಲ್ಲಿ ಊಟ ಮುಗಿಸಿ ಬರೋಣ ಎಂದು ತಂಡವನ್ನೆಲ್ಲ ಎಳೆದುಕೊಂಡು ಹೋದವಳು ನಾನು. ಪಂಕ್ತಿಯಲ್ಲಿ ಕೂತ ಮೇಲೆ ಕೇಳಬೇಕೆ? ಬಡಿಸುವವರು ಬಂದಾಗಲೆಲ್ಲ ಅನ್ನ, ಸಾರು, ಮತ್ತೆ ಪಾಯಸ. ಬೇಡ ಎನ್ನಲು ನಮಗ್ಯಾರಿಗೂ ಬಾಯಿ ಬರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಮೀನು ನೋಡುತ್ತ ಕೂತಲ್ಲೇ ಇಬ್ಬರು ನಿದ್ದೆ ಹೋದರು. ಅಂಗಳಕ್ಕೆ ಇಳಿದಾಗ ಎಲ್ಲರ ಕಾಲೂ ಮಣಭಾರ. ಎಷ್ಟು ಅಂಕಗಳಿಂದ ಸೋತೆವೆಂದು ಹೇಳಿಕೊಳ್ಳುವಂತಿರಲಿಲ್ಲ.

"ಊಟಕ್ಕೆ ಎಬ್ಬಿಸಿಕೊಂಡು ಹೋದವಳು ಯಾರು?" ಎಂದು ಆಟದ ಮೇಷ್ಟ್ರು ನನ್ನೊಬ್ಬಳನ್ನೇ ಕರೆದು ಕೇಳಿದರು. ನಾನು ಅವಳ ಹೆಸರು ಹೇಳಿದೆ. ಜಿಲ್ಲಾ ತಂಡಕ್ಕೆ ನಮ್ಮ ಕಾಲೇಜಿನಿಂದ ಒಬ್ಬಳೇ ಹೋಗಬೇಕಿತ್ತು. ಅವಳು ಹೋಗಬೇಕಾದಲ್ಲಿಗೆ ನಾನು ಹೋದೆ. ಶಿಸ್ತಿಲ್ಲವೆಂದು ಕೈಬಿಟ್ಟರು ಎಂಬುದಷ್ಟೇ ಅವಳಿಗೆ ತಿಳಿದದ್ದು. ಆಮೇಲೆ ಅವಳು ಚೆಂಡು ಮುಟ್ಟಲಿಲ್ಲ. ನನಗೆ ನಾಚಿಕೆಯಾಗುತ್ತಿತ್ತು, ಆದರೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಹೋದ ವರ್ಷ ಬಾಳೆಹೊನ್ನೂರಿನಲ್ಲಿ ಬಸ್ಸು ಬದಲಿಸುವಾಗ ಸಿಕ್ಕಿದಳು. "ಈಗ್ಲೂ ಆಟ ನೋಡೋಕೆ ಆಸೆ ಮಾರಾಯ್ತಿ. ನಮ್ಮನೇಲಿ ಕ್ರಿಕೆಟ್ ಬಿಟ್ರೆ ಧಾರಾವಾಹಿ" ಎಂದಳು. ಪ್ಲಾನ್ ತೆಗೆದುಕೊಂಡ ದಿನವೇ ಅವಳಿಗೆ ಪಾಸ್‌ವರ್ಡ್ ಕಳಿಸಿದೆ. ಹೇಳಬೇಕಾದ ಮಾತಿಗಿಂತ ಅದು ಸುಲಭವಾಗಿತ್ತು.

ಆ ಚಳಿಗಾಲದ ಬೆಳಗುಗಳು ಪೂರ್ತಿ ಎಚ್ಚರದಲ್ಲಿ ನಡೆದವೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಕಿಟಕಿಯ ಆಚೆ ಬರೀ ಮಂಜು. ಎದುರು ಮನೆಯಿಲ್ಲ, ರಸ್ತೆಯಿಲ್ಲ. ಬಾಳಗಡಿ ಕಡೆಯಿಂದ ಬರುವ ಮೊದಲ ಬಸ್ಸಿನ ದೀಪಗಳು ನೆಲ ಮುಟ್ಟದೆ ತೇಲಿ ಹೋಗುತ್ತಿದ್ದವು. ಮನೆಯವರ ನಿದ್ದೆ ಕೆಡದಿರಲೆಂದು ಟಿವಿಯ ಧ್ವನಿ ಪೂರ್ತಿ ಇಳಿಸಿರುತ್ತಿದ್ದೆ. ಹೊಳೆಯುವ ಮರದ ನೆಲದ ಮೇಲೆ ಉದ್ದುದ್ದ ಹುಡುಗರು ಸದ್ದಿಲ್ಲದೆ ಹಾರುತ್ತಿದ್ದರು, ಇಳಿಯುವುದನ್ನು ಮರೆತವರಂತೆ ಗಾಳಿಯಲ್ಲೇ ಉಳಿಯುತ್ತಿದ್ದರು. ನನ್ನ ಕಿವಿಯಲ್ಲಿ ಫೋನು, ಫೋನಿನಲ್ಲಿ ಅವಳು. ಮಗಳ ಟ್ಯಾಬನ್ನು ಹೊಲಿಗೆ ಮಿಷನ್ನಿಗೆ ಒರಗಿಸಿಕೊಂಡು ಅವಳು ನೋಡುತ್ತಿದ್ದಳು. ಅವಳ ನೆಟ್ ನಮ್ಮದಕ್ಕಿಂತ ಮುಂದು. ನನ್ನ ಪರದೆಯಲ್ಲಿ ಚೆಂಡು ಇನ್ನೂ ಆಟಗಾರನ ಕೈಯಲ್ಲಿರುವಾಗಲೇ ಅಲ್ಲಿಂದ "ಹ್ಞಾಂ" ಎಂದು ಕೇಳಿಸುತ್ತಿತ್ತು. ಕೆಲವು ಸೆಕೆಂಡುಗಳ ಮೇಲೆ ನನ್ನಲ್ಲಿ ಚೆಂಡು ಬಲೆಗೆ ಇಳಿಯುತ್ತಿತ್ತು. ಮುಂದಾಗುವುದನ್ನು ಅವಳ ಉಸಿರಿನಲ್ಲೇ ತಿಳಿದುಕೊಳ್ಳುವುದು ನನಗೆ ಬಹಳ ಹಿಡಿಸಿತ್ತು.

ಅಂಥದ್ದೇ ಒಂದು ಬೆಳಿಗ್ಗೆ ಆಟಗಾರನೊಬ್ಬ ಯಾರೂ ಅಡ್ಡ ಬರದ ಫ್ರೀ ಥ್ರೋ ಎಸೆತಕ್ಕೆ ಬಂದು ನಿಂತ. ಎಲ್ಲರೂ ನಿಂತಿದ್ದರು. ಹೊರಗೆ ಮಂಜೂ ಅಲ್ಲಾಡುತ್ತಿರಲಿಲ್ಲ. ನನಗೆ ಗೊತ್ತಿಲ್ಲದೆಯೇ ಮಾತು ಹೊರಬಿತ್ತು.

"ಶೃಂಗೇರೀಲಿ ಎಲ್ಲರನ್ನೂ ಊಟಕ್ಕೆ ಎಳ್ಕೊಂಡು ಹೋದವಳು ನೀನು ಅಂತ ಮೇಷ್ಟ್ರಿಗೆ ಹೇಳಿದ್ದು ನಾನು ಕಣೆ. ಸುಳ್ಳು ಹೇಳಿ ನಿನ್ನ ಜಾಗ ತಗೊಂಡೆ."

ಅವಳು ಉಸಿರು ಬಿಟ್ಟಳು. ಅದು ನನ್ನ ಮಾತಿಗೋ, ಅವಳ ಪರದೆಯಲ್ಲಿ ಆಗಲೇ ತಪ್ಪಿದ ಚೆಂಡಿಗೋ ತಿಳಿಯಲಿಲ್ಲ. ನನ್ನಲ್ಲಿ ಅವನು ಇನ್ನೂ ಚೆಂಡನ್ನು ನೆಲಕ್ಕೆ ಕುಟ್ಟುತ್ತಿದ್ದ. ಅದು ರಿಂಗಿಗೆ ಬಡಿದು ಹೊರಬೀಳುವ ಹೊತ್ತಿಗೆ ಫೋನು ಕಟ್ಟಾಗಿತ್ತು.

ಮರುದಿನ ಫೋನ್ ಬರಲಿಲ್ಲ, ಅದರ ಮರುದಿನವೂ ಇಲ್ಲ. ಯಾವ ಯಾವ ಸಾಧನ ಲಾಗಿನ್ ಆಗಿದೆ ಎಂದು ತೋರಿಸುವ ಒಂದು ಜಾಗ ಆ್ಯಪ್‌ನಲ್ಲಿದೆ. ಅಲ್ಲಿ ನಮ್ಮ ಟಿವಿ ಒಂದೇ ಇತ್ತು. ಅವಳು ಲಾಗೌಟ್ ಆಗಿದ್ದಳು. ನಾನೇ ಫೋನ್ ಮಾಡಲು ಧೈರ್ಯ ಸಾಲಲಿಲ್ಲ. ಎರಡು ವಾರ ದಿನವೂ ಆಟ ಹಾಕಿಕೊಂಡು ಕೂತೆ. ಯಾರು ಗೆದ್ದರು, ಯಾರು ಸೋತರು, ಒಂದೂ ನೆನಪಿಲ್ಲ. ಅವಳನ್ನು ಎರಡನೆಯ ಸಲ ಕಳೆದುಕೊಂಡೆ ಎಂದು ಅಳು ಬರುತ್ತಿತ್ತು.

ಆಮೇಲೊಂದು ಬೆಳಿಗ್ಗೆ ಫೋನು ಹೊಡೆದುಕೊಂಡಿತು.

"ನಾನೇ ಬೇರೆ ಪ್ಲಾನ್ ತಗೊಂಡೆ. ಟ್ಯಾಬಿಗೆ ಸಾಕಾಗೋ ಚಿಕ್ಕದು" ಎಂದಳು. "ನೀನು ಕೊಟ್ಟಿದ್ದರಲ್ಲಿ ನೋಡಲ್ಲ. ಅದನ್ನ ಎಂತಕ್ಕೆ ಕೊಟ್ಟಿದ್ದು ಅಂತ ಈಗ ಗೊತ್ತಾಯ್ತಲ್ಲ."

"ಹೂಂ" ಎಂದೆ.

"ಸಿಟ್ಟು ಹೋಗ್ಲಿಲ್ಲ. ಬೇಗ ಹೋಗೋದೂ ಇಲ್ಲ."

"ಗೊತ್ತು."

ಆ ಕಡೆ ಸ್ಟೂಲು ಎಳೆದುಕೊಂಡ ಸದ್ದಾಯಿತು. "ಇವತ್ತು ಯಾವ ಆಟ ಹಾಕಿದ್ದಿ?" ಎಂದು ಕೇಳಿದಳು. ಹೇಳಿದೆ.

"ಅದನ್ನೇ ಹಾಕ್ತೀನಿ, ತಡಿ" ಎಂದಳು. "ಫೋನ್ ಇಡಬೇಡ."