ಹಾಲವಾಣದ ಹಣ್ಣು

ಗೋಕಾಕದ ಜೀನಗಾರ ಸತ್ತೆಪ್ಪ ಕುದುರೆಯ ಜೀನು ಹೊಲಿಯುತ್ತಿದ್ದ. ಅವನ ಜೀನಿನ ಮೇಲೆ ಕೂತ ದೇಸಾಯರು ಹುಕ್ಕೇರಿ ಮುಟ್ಟಿ ತಿರುಗಿ ಬಂದರೂ ಸೊಂಟ ನೋವು ಅನ್ನುತ್ತಿರಲಿಲ್ಲವಂತೆ. ಲಾಯದಲ್ಲಿ ಕುದುರೆ ಕಡಿಮೆಯಾದ ಮೇಲೆ ಸತ್ತೆಪ್ಪನ ಮಗ ಶಿದ್ಲಿಂಗಪ್ಪ ಚರ್ಮ ಬಿಟ್ಟು ಕಟ್ಟಿಗೆ ಹಿಡಿದ. ಹಗುರಾದ ಹಾಲವಾಣದ ಮರದಲ್ಲಿ ಆಟಿಕೆಯ ಹಣ್ಣು ಕೆತ್ತಿ, ಹುಣಸೆಬೀಜದ ಅಂಟು ಬಳಿದು, ಬಣ್ಣ ಹಚ್ಚಿದ. ಒಮ್ಮೆ ಮಾಳಿಗೆಯ ಮೇಲೆ ಒಣಗಲು ಇಟ್ಟ ಬಾಳೆಹಣ್ಣನ್ನು ಮಂಗವೊಂದು ಕಚ್ಚಿ ನೋಡಿ, ಸಿಟ್ಟಿಗೆದ್ದು ಅವನ ತಲೆಗೇ ಬೀಸಿ ಒಗೆಯಿತು. ತಲೆ ಬಾತರೂ ಶಿದ್ಲಿಂಗಪ್ಪ ಊರೆಲ್ಲ ತಿರುಗಿ ಆ ಹಲ್ಲಿನ ಗುರುತು ತೋರಿಸಿ ಬಂದ. ಮುಂದೆ ಆ ಬಾಳೆಹಣ್ಣು ದೇವರ ಜಗಲಿಯ ಮೇಲೆ ಕೂತಿತು.

ಶಿದ್ಲಿಂಗಪ್ಪನ ಮಗ ಉದ್ದಪ್ಪ. ಇವನ ಕೈ ತಂದೆಯ ಕೈಗಿಂತ ಗುಲಗಂಜಿಯಷ್ಟು ಹೆಚ್ಚೇ ಅನ್ನಬೇಕು. ಮಾವಿನಹಣ್ಣಿಗೆ ಹಳದಿ ಬಳಿದು, ಅದು ಆರುವ ಮೊದಲೇ ಹೆಬ್ಬೆರಳಿಂದ ಕೆಂಪು ಸವರಿದನೆಂದರೆ, ಬಿಸಿಲು ಬಿದ್ದ ಮಗ್ಗುಲು ಯಾವುದು, ಎಲೆಯ ಮರೆಗಿದ್ದ ಮಗ್ಗುಲು ಯಾವುದು ಎಂದು ಹಣ್ಣೇ ಹೇಳುತ್ತಿತ್ತು. ಹೆಂಡತಿ ಸುಂದ್ರವ್ವ ಅಂಟು ಅರೆಯುತ್ತ ಕೆಣಕುವಳು: "ಆ ಮಾವಿನಹಣ್ಣಿನ ಗಲ್ಲ ಸವರಿದಂಗ ಎಂದಾರ ನನ್ನ ಗಲ್ಲ ಸವರೀರೇನ್ರಿ?" ಉದ್ದಪ್ಪ ತಲೆ ಎತ್ತದೆ ನಗುವನು.

ಸ್ವರಾಜ್ಯ ಬಂದು ಹತ್ತು ವರ್ಷವಾಗುವಷ್ಟರಲ್ಲಿ ಸಂತೆಗೆ ರಬ್ಬರಿನ ಗೊಂಬೆಗಳು ಬಂದವು. ಒತ್ತಿದರೆ ಕುಂಯ್ ಅನ್ನುವ ಗೊಂಬೆಯ ಮುಂದೆ ಸುಮ್ಮನೆ ಕೂತ ಮಾವು ಯಾರಿಗೆ ಬೇಕು? ಉದ್ದಪ್ಪನ ಬುಟ್ಟಿ ತುಂಬಿ ಹೋಗಿ ತುಂಬಿಯೇ ಬರತೊಡಗಿತು. ಆಗ ಧಾರವಾಡದಲ್ಲಿ ಕೈಕೆಲಸದ ಪ್ರದರ್ಶನವೆಂಬ ಸುದ್ದಿ ಬಂತು. ಮೆಚ್ಚಿಗೆಯಾದ ಮನೆಗೆ ಮುಂಬಯಿ ಅಂಗಡಿಗಳಿಂದ ಕಾಯಂ ಕೆಲಸವಂತೆ. ಇದೂ ತಪ್ಪಿದರೆ ಉಳಿ ಕಟ್ಟಿಟ್ಟು ನೂಲಿನ ಗಿರಣಿಯ ಬಾಗಿಲಿಗೆ ಕೂಲಿಗೆ ನಿಲ್ಲುವುದೇ ಸೈ ಎಂದು ಉದ್ದಪ್ಪ ಹೆಂಡತಿಗೆ ಹೇಳಿದ.

ಕಟ್ಟಿಗೆ ತೀರಿತ್ತು. ಹಾಲವಾಣವನ್ನು ಚಂದ್ರ ಕರಗುವ ದಿನಗಳಲ್ಲೇ ಕಡಿಯಬೇಕು, ಬೆಳೆಯುವ ಚಂದ್ರನಲ್ಲಿ ಕಡಿದರೆ ಹುಳ ಬೀಳುತ್ತದೆ ಎಂಬುದು ಈ ಮನೆಯ ಕಟ್ಟಳೆ. ಕಬ್ಬು ಬಂದು ಬದುವಿನ ಮರಗಳೆಲ್ಲ ಹೋಗಿ, ಕೊಣ್ಣೂರಿನ ಭೀಮರಾಯನ ಹೊಲದಲ್ಲಿ ಒಂದೇ ಒಂದು ಉಳಿದಿತ್ತು. ಉದ್ದಪ್ಪ ಹೋದಾಗ ಅದಕ್ಕೂ ಕೊಡಲಿ ಬೀಳುತ್ತಿತ್ತು. ಹುಣ್ಣಿಮೆ ಇನ್ನೂ ಮುಂದಿತ್ತು. ಅದು ಕಳೆಯುವ ತನಕ ತಡೆಯಿರಿ ಎಂದು ಕೈಮುಗಿದ.

"ನೀರ ಬಂದೈತಿ ಉದ್ದಪ್ಪಾ, ಕಬ್ಬ ಹಚ್ಚಬೇಕು," ಎಂದ ಭೀಮರಾಯ. "ಹುಣ್ಣಿವಿ ಆದ ಮ್ಯಾಲ ಬಂದಿ ಅಂದ್ರ ನಿನ್ನ ಮರ ಗಾಣದ ಒಲ್ಯಾಗ ಬೂದಿ ಆಗಿರತೈತಿ. ಬೇಕಂದ್ರ ಈಗ ಒಯ್ಯಿ."

ಉದ್ದಪ್ಪ ಒಯ್ದ. ತಿಳಿದೂ ತಿಳಿದೂ ಒಯ್ದ. ಬೇವಿನ ನೀರಲ್ಲಿ ನೆನೆಹಾಕಿದ, ಒಲೆಯ ಮೇಲೆ ಕಟ್ಟಿ ಹೊಗೆ ಕುಡಿಸಿದ. ಆಮೇಲೆ ಕೆತ್ತಲು ಕೂತವನು ಊಟದ ಪರಿವೆಯನ್ನೂ ಮರೆತ. ಸೀತಾಫಲದ ಕಣ್ಣುಕಣ್ಣಿಗೂ ಬೇರೆ ಹಸಿರು ಇಟ್ಟ. ಪೇರಲದ ಮೇಲೆ ಗಿಳಿ ಕುಕ್ಕಿದ ಗುರುತು ಮಾಡಿದ. ಅಂಥ ಬುಟ್ಟಿ ಆ ಮನೆಯಲ್ಲಿ ಹಿಂದೆ ಆಗಿರಲಿಲ್ಲ.

ಧಾರವಾಡಕ್ಕೆ ಹೊರಡುವ ಮುಂಜಾನೆ ಸುಂದ್ರವ್ವ ಬುಟ್ಟಿ ಸರಿಸಿ ಕಸ ಹೊಡೆಯುತ್ತ, ಇಲ್ಲಿ ಹಿಟ್ಟು ಚೆಲ್ಲಿದವರು ಯಾರು ಎಂದು ಕೇಳಿದಳು. ಉದ್ದಪ್ಪ ಬಗ್ಗಿ ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದ. ಮಾವಿನಹಣ್ಣನ್ನು ಕಿವಿಗೆ ಹಿಡಿದ. ಒಳಗೆ ಕರಕರ ಸದ್ದು. ಅವಳ ಕಿವಿಗೂ ಹಿಡಿದ. ಪೇರಲದಲ್ಲೂ ಅದೇ, ಸೀತಾಫಲದಲ್ಲೂ ಅದೇ. ಸುದ್ದಿ ಓಣಿಗೆ ಹಬ್ಬಿತು. ಉದ್ದಪ್ಪನ ಹಣ್ಣು ಎಷ್ಟು ಖರೆ ಅಂದರೆ ಹುಳಕ್ಕೂ ಕಟ್ಟಿಗೆ ಅಂತ ಗೊತ್ತಾಗಲಿಲ್ಲ ಎಂದು ಕಟ್ಟೆಯ ಮೇಲಿನವರು ನಕ್ಕರು. ಅದು ಹೊಗಳಿಕೆಯೇ ಆಗಿತ್ತು. ಅದಕ್ಕೇ ಅವನಿಗೆ ಚುಚ್ಚಿತು.

ಚಿಕ್ಕಪ್ಪನ ಮಗ ಸೋಮಪ್ಪ ಅದೇ ಕಸುಬಿನವನು, ಅದೇ ಬಸ್ಸಿಗೆ ಹೊರಟವನು. ಹಳೆಯ ಕಟ್ಟಿಗೆಯಲ್ಲಿ ತಾನು ಮಾಡಿದ ಹಣ್ಣುಗಳ ಒಂದು ಬುಟ್ಟಿ ತಂದು ಅಣ್ಣನ ಮುಂದೆ ಇಳಿಸಿದ. ನನಗೆ ಇನ್ನೊಂದು ಬುಟ್ಟಿಯಿದೆ, ಇದು ನಿನ್ನ ಹೆಸರಲ್ಲೇ ಹೋಗಲಿ, ಯಾರು ಕೇಳುತ್ತಾರೆ ಎಂದ. ಸುಂದ್ರವ್ವ ಸೆರಗು ಕಚ್ಚಿ ಗಂಡನ ಮುಖ ನೋಡಿದಳು.

ಉದ್ದಪ್ಪ ಸೋಮಪ್ಪನ ಒಂದು ಮಾವು ಎತ್ತಿ, ತಿರುಗಿಸಿ ನೋಡಿ, ಮೆಲ್ಲಗೆ ಮರಳಿ ಇಟ್ಟ.

"ಛಲೋ ಮಾಡಿದಿ ತಮ್ಮಾ, ಖರೇನ ಛಲೋ ಐತಿ. ನಮ್ಮಪ್ಪ ಮಂಗ್ಯಾಗ ಮೋಸ ಮಾಡಿದ, ನಾ ಹುಳಕ್ಕ ಮಾಡಿದೆ. ಮನಿಶ್ಯಾರಿಗೆ ಮಾಡೂದು ಬ್ಯಾಡ. ನಾಳಿಂದ ಗಿರಣಿಗೆ ಹೋಗತೇನಿ. ಎತ್ತು ನಿನ್ನ ಬುಟ್ಟಿ, ಬಸ್ ತಪ್ಪತೈತಿ ನಿನಗ."